ರಾಣಿಪುರಂ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ: ಊಟಿ, ಕೊಡೈಕಾನಲ್‌ಗೆ ಹೊರಡುವ ಮುಂಚೆ ಏನೇನು ಬಿಚ್ಚಿಸಿ ನೋಡಬೇಕು?

ಬದಿಯಡ್ಕ ಬಿಡಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಓದಿ ಹೇಳಿ.

ನಮ್ಮದು 2016ರ ಟೆಂಪೋ ಟ್ರಾವೆಲರ್. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು, ಒಳಗೆ ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ಸಿಂಕ್, ಬ್ಯಾಟರಿ, ಹಿಂದುಗಡೆ 120 ಲೀಟರ್ ನೀರಿನ ಟ್ಯಾಂಕ್ ಎಲ್ಲ ಮಾಡಿಸಿ ಮೋಟರ್‌ಹೋಮ್ ಮಾಡಿಕೊಂಡೆವು. ಊರವರು ಇದಕ್ಕೆ ಚಕ್ರದ ಮನೆ ಅಂತಲೇ ಹೆಸರಿಟ್ಟಿದ್ದಾರೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಮೂರು ವರ್ಷದಲ್ಲಿ ಓಡಿದ್ದು ಬರೀ 7 ಸಾವಿರ ಕಿಲೋಮೀಟರ್. ಮಳೆಗಾಲ ಶುರುವಾದರೆ ಅಕ್ಟೋಬರ್‌ವರೆಗೆ ಶೆಡ್ಡಿನಿಂದ ಹೊರಗೆ ಬರುವುದೇ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ರಜೆಯಲ್ಲಿ 12 ದಿನದ ಟೂರ್ ಹಾಕಿದ್ದೇವೆ. ಸುಳ್ಯ, ಮಡಿಕೇರಿ, ಮೈಸೂರು, ಗುಂಡ್ಲುಪೇಟೆ, ಗೂಡಲೂರು, ಊಟಿ, ಅಲ್ಲಿಂದ ಮೇಟ್ಟುಪಾಳ್ಯಕ್ಕೆ ಇಳಿದು ಪಳನಿ, ಕೊಡೈಕಾನಲ್, ಆಮೇಲೆ ಮುನ್ನಾರ್ ನೋಡಿಕೊಂಡು ಮನೆಗೆ. ನಾನು, ಹೆಂಡತಿ, ಎರಡು ಮಕ್ಕಳು, 72 ವರ್ಷದ ಅಮ್ಮ. ಅದಕ್ಕೆ ಒಂದು ಪ್ರಾಕ್ಟೀಸ್ ಆಗಲಿ ಅಂತ ಕಳೆದ ಭಾನುವಾರ ರಾಣಿಪುರಂಗೆ ಹೋಗಿದ್ದೆವು. ಹತ್ತುವಾಗ ಏನೂ ತೊಂದರೆ ಇಲ್ಲ. ಇಳಿಯುವಾಗ ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಎಷ್ಟು ಒತ್ತಿದರೂ ಗಾಡಿ ಮೊದಲಿನ ಹಾಗೆ ನಿಲ್ಲುತ್ತಿಲ್ಲ ಅನಿಸಿತು. ಬದಿಗೆ ನಿಲ್ಲಿಸಿ ನೋಡಿದರೆ ಮುಂದಿನ ಬಲಗಡೆ ಚಕ್ರದ ಹತ್ತಿರ ಕೈ ಇಡಲಿಕ್ಕೆ ಆಗದಷ್ಟು ಬಿಸಿ. ಅರ್ಧ ಗಂಟೆ ಕೂತು, ಚಾ ಕುಡಿದು ಮೆಲ್ಲ ಇಳಿದೆವು. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ಹೆದರಿಕೆ.

ಮರುದಿನ ನಾವು ಯಾವಾಗಲೂ ಹೋಗುವ ಮೆಕ್ಯಾನಿಕ್‌ಗೆ ತೋರಿಸಿದೆ. ಒಂದು ರೌಂಡ್ ಓಡಿಸಿ, ಬ್ರೇಕ್ ಆಯಿಲ್ ಡಬ್ಬ ನೋಡಿ, "ಕುಳಪ್ಪಮಿಲ್ಲ (ತೊಂದರೆ ಇಲ್ಲ), ಏಳು ಸಾವಿರ ಕಿಲೋಮೀಟರಿಗೆಲ್ಲ ಲೈನರ್ (ಡ್ರಮ್ಮಿಗೆ ಒಳಗಿನಿಂದ ಉಜ್ಜುವ ಪಟ್ಟಿ) ಸವೆಯುವುದಿಲ್ಲ" ಅಂದರು. ಚಕ್ರ ಬಿಚ್ಚಲಿಲ್ಲ. ಅವರು ಹೇಳುವುದು ಸರಿ ಇರಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ. ಹೊರಡಲಿಕ್ಕೆ ಇನ್ನು ನಾಲ್ಕು ವಾರ ಉಂಟು. ನಿಜವಾಗಿ ಏನೇನು ಬಿಚ್ಚಿಸಿ ನೋಡಬೇಕು? ಯಾವುದು ಬದಲಾಯಿಸಲೇಬೇಕು, ಯಾವುದು ಸುಮ್ನೆ ಖರ್ಚು?

---

ಉಪ್ಪಳ ಸ್ಪ್ಯಾನರ್:

ಅಣ್ಣ, ನಾನು ಇದೇ ಕೆಲಸದಲ್ಲಿ 20 ವರ್ಷ ದಾಟಿದವ. ಮೊದಲು ಒಂದು ಮಾತು: ಕಿಲೋಮೀಟರ್ ನೋಡಿ ಬ್ರೇಕ್ ಚೆನ್ನಾಗುಂಟು ಅಂತ ಹೇಳುವುದು ದಿನಾ ಓಡುವ ಟ್ಯಾಕ್ಸಿಗೆ ಸರಿ. ನಿಮ್ಮ ಗಾಡಿಗೆ ಅಲ್ಲ. ಓಡುವ ಗಾಡಿಯ ಬ್ರೇಕ್ ಸವೆಯುತ್ತದೆ, ನಿಂತ ಗಾಡಿಯ ಬ್ರೇಕ್ ಹಿಡಿದುಕೊಳ್ಳುತ್ತದೆ. ಎರಡೂ ಬೇರೆ ಬೇರೆ ರೋಗ. ನಮ್ಮ ಕರಾವಳಿ ಮಳೆಯಲ್ಲಿ ನಾಲ್ಕು ತಿಂಗಳು ಅಲುಗಾಡದೆ ನಿಂತ ಗಾಡಿಯ ಕ್ಯಾಲಿಪರ್ (ಡಿಸ್ಕಿಗೆ ಎರಡು ಬದಿಯಿಂದ ಪ್ಯಾಡ್ ಒತ್ತುವ ಭಾಗ) ಪಿನ್ ತುಕ್ಕು ಹಿಡಿದು ಜಾಮ್ ಆಗದಿದ್ದರೇ ಆಶ್ಚರ್ಯ.

ನಿಮ್ಮ ಮುಂದಿನ ಬಲ ಚಕ್ರ ಒಂದೇ ಅಷ್ಟು ಬಿಸಿ ಆಗಿದೆ ಅಂದರೆ ನನಗೆ ಅನುಮಾನ ಅಲ್ಲೇ. ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಮನೆಯಲ್ಲೇ ನೋಡಬಹುದು: ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡು ಬದಿಯಿಂದಲೂ ಮುರಕಲ್ಲು ಕೊಟ್ಟು, ಮುಂದೆ ಜಾಕ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ. ಎಡಗಡೆ ಸಲೀಸಾಗಿ ತಿರುಗಿ ಬಲಗಡೆ ಬಿಗಿ ಇದ್ದರೆ ಉತ್ತರ ಸಿಕ್ಕಿತು. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಹೋಗಬೇಡಿ.

ಇನ್ನು ಗ್ಯಾರೇಜಿನಲ್ಲಿ ಏನು ಮಾಡಿಸಬೇಕು ಅಂತ. ನಾಲ್ಕು ಚಕ್ರವೂ ಬಿಚ್ಚಬೇಕು, ಹಿಂದಿನ ಡ್ರಮ್ ಎರಡೂ ಹೊರಗೆ ಬರಬೇಕು. ಡ್ರಮ್ ತೆಗೆಯದೆ ಹಿಂದಿನ ಬ್ರೇಕ್ ನೋಡಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡ್ರಮ್ ತೆಗೆದ ಕೂಡಲೇ ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ತಳ್ಳುವ ಭಾಗ) ರಬ್ಬರ್ ಬೂಟ್ ಅಂಚು ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಅದು ಲೀಕ್, ಇನ್ನೂ ಹೊರಗೆ ಸುರಿಯದ ಲೀಕ್. ಆ ಎಣ್ಣೆ ಲೈನರ್‌ಗೆ ತಾಗಿದ್ದರೆ ಲೈನರ್ ಹೋಯಿತು, ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದೆಲ್ಲ ಬೇಡ. ಲೈನರ್ ಬದಲಾಯಿಸಿದರೆ ಎರಡೂ ಬದಿ ಒಟ್ಟಿಗೆ ಬದಲಾಯಿಸಿ, ಒಂದೇ ಬದಿ ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಡ್ರಮ್ ಒಳಗೆ ಗೆರೆ ಬಿದ್ದಿದ್ದರೆ ಲೇತ್‌ಗೆ ಕೊಟ್ಟು ಕೆತ್ತಿಸಬಹುದು, ಆದರೆ ಎಷ್ಟು ದೊಡ್ಡದಾಗುವವರೆಗೆ ಅಂತ ಡ್ರಮ್ಮಿನಲ್ಲೇ ಅಚ್ಚು ಇರುತ್ತದೆ. ಡಿಸ್ಕಿನಲ್ಲೂ ಹಾಗೇ, ಕನಿಷ್ಠ ದಪ್ಪ ಬರೆದಿರುತ್ತದೆ. ಪ್ಯಾಡ್ 3 ಮಿಲಿಮೀಟರಿಗಿಂತ ತೆಳು ಇದ್ದರೆ ಇಷ್ಟು ಘಾಟಿಗೆ ಅದರಲ್ಲಿ ಹೋಗಬೇಡಿ.

ಮತ್ತೆ ಹೋಸ್. ಚಕ್ರಕ್ಕೆ ಹೋಗುವ ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಬದಲಾಯಿಸಿ. ಅದು ಗಾಡಿ ಎಷ್ಟು ಓಡಿದೆ ಅಂತ ನೋಡುವುದಿಲ್ಲ, ಪ್ರಾಯ ಆದ ಹಾಗೆ ಗಟ್ಟಿಯಾಗುತ್ತದೆ. ನಿಮ್ಮದು 2016ರ ಗಾಡಿ, ಹೋಸ್ ಬದಲಾಯಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ ನಾನಾದರೆ ಎಲ್ಲ ಹೊಸದೇ ಹಾಕುತ್ತೇನೆ.

ಒಂದು ಮಾತು ಬಿಟ್ಟು ಹೋಯಿತು. ಡ್ರಮ್ ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಲಿಕ್ಕೆ ಬಿಡಬೇಡಿ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ನಾವು ಹುಡುಗರಾಗಿದ್ದಾಗ ಊದಿ ಊದಿ ಮುಖವೆಲ್ಲ ಕಪ್ಪು ಮಾಡಿಕೊಂಡವರು, ಆಗ ಹೇಳುವವರು ಯಾರೂ ಇರಲಿಲ್ಲ.

---

ಸುಮ್ನೆ ಓಡ್ಸಿ:

ಎಲ್ಲರೂ ಸೇರಿ ಇವರನ್ನು ಹೆದರಿಸುತ್ತೀರಿ ಮಾರಾಯ್ರೆ. ನನ್ನ ಹಳೇ ಟ್ರಾವೆಲರ್‌ನಲ್ಲಿ 14 ಜನ ಕೂರಿಸಿ ಊಟಿಗೆ ಹತ್ತು ಸಲ ಹೋಗಿ ಬಂದಿದ್ದೇನೆ. ಬ್ರೇಕ್ ವಾಸನೆ ಎಲ್ಲರಿಗೂ ಬರುತ್ತದೆ. ನಿಲ್ಲಿಸಿ ಒಂದು ಬಕೆಟ್ ನೀರು ಹೊಯ್ದರೆ ಆಯಿತು. ಬ್ರೇಕ್ ಆಯಿಲ್ ಕಡಿಮೆ ಇದ್ದರೆ ಟಾಪ್ ಅಪ್ ಮಾಡಿ, ಹೋಗಿ ಬನ್ನಿ. ಗ್ಯಾರೇಜಿಗೆ ಹೋದರೆ ಇಲ್ಲದ ರೋಗವೂ ಹೇಳುತ್ತಾರೆ.

---

ಕುಂಬಳೆ ಸ್ಟೇರಿಂಗ್:

ಮೇಲಿನವರಿಗೆ: ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ ಸ್ವಾಮಿ. ಬೀಡು ಕಬ್ಬಿಣ ಅದು, ಒಮ್ಮೆಗೇ ತಣ್ಣಗಾದರೆ ಬಿರುಕು ಬಿಡುತ್ತದೆ. ಹತ್ತು ಸಲ ಬಿಡದೆ ಇದ್ದದ್ದು ನಿಮ್ಮ ಅದೃಷ್ಟ.

ನಾನು 31 ವರ್ಷ ಬಸ್ಸು ಓಡಿಸಿ ನಿವೃತ್ತ ಆದವ, ಘಾಟಿ ರೂಟೇ ಜಾಸ್ತಿ. ಬಿಡಾರದವರು ಒಂದು ವಿಷಯ ಬರೆದಿದ್ದಾರೆ, ಅದನ್ನು ಯಾರೂ ಹಿಡಿಯಲಿಲ್ಲ. ಪೆಡಲ್ ಗಟ್ಟಿ ಇತ್ತು, ಆದರೆ ಹಿಡಿತ ಇರಲಿಲ್ಲ. ಇದು ಲೈನರ್, ಪ್ಯಾಡ್ ಕಾದು ಹಿಡಿತ ಬಿಟ್ಟದ್ದು. ಇನ್ನೊಂದು ತರ ಉಂಟು: ಪೆಡಲ್ ಮೆತ್ತಗಾಗಿ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಅದು ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿ ತುಂಬಿದ್ದು. ಮೊದಲನೆಯದರಲ್ಲಿ ಸ್ವಲ್ಪವಾದರೂ ಬ್ರೇಕ್ ಇರುತ್ತದೆ, ಎರಡನೆಯದರಲ್ಲಿ ಕಾಲಡಿ ಏನೂ ಇರುವುದಿಲ್ಲ. ನೀವು ಮೊದಲನೆಯದರಲ್ಲೇ ಗಾಡಿ ನಿಲ್ಲಿಸಿದ್ದು ಬುದ್ಧಿವಂತಿಕೆ.

ನೀವು ಯಾವ ಗೇರಿನಲ್ಲಿ ಇಳಿದಿರಿ ಅಂತ ಬರೆದಿಲ್ಲ. ನನ್ನ ಅಂದಾಜು ನಾಲ್ಕನೇ ಗೇರು, ಬಲಗಾಲು ಬ್ರೇಕಿನ ಮೇಲೇ ಮಲಗಿತ್ತು. ತಪ್ಪಾದರೆ ಕ್ಷಮಿಸಿ. ಗೇರನ್ನು ಇಳಿಜಾರು ಶುರುವಾಗುವ ಮುಂಚೆ ಹಾಕಬೇಕು, ವೇಗ ಏರಿದ ಮೇಲೆ ಹುಡುಕುವುದಲ್ಲ. ಯಾವ ಗೇರಿನಲ್ಲಿ ಆ ರಸ್ತೆ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಸಿ, ಇನ್ನೂ ಓಡುತ್ತದೆ ಅಂದರೆ ಒಂದು ಕಡಿಮೆ ಮಾಡಿ. ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ. ಬಿಟ್ಟಾಗಲೇ ಅದಕ್ಕೆ ಗಾಳಿ ಸಿಗುವುದು. ಡೀಸೆಲ್ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಕನಸಿನಲ್ಲೂ ಬೇಡ. ಎಂಜಿನ್ ನಿಂತರೆ ಬೂಸ್ಟರಿನ (ಪೆಡಲ್ ಹಗುರ ಮಾಡುವ ಭಾಗ) ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು.

ಬೂಸ್ಟರ್ ಸರಿ ಉಂಟಾ ಅಂತ ಮನೆಯ ಅಂಗಳದಲ್ಲೇ ನೋಡಿ. ಎಂಜಿನ್ ಆಫ್ ಇರುವಾಗ ಪೆಡಲ್ ಐದಾರು ಸಲ ಒತ್ತಿ ಗಟ್ಟಿ ಮಾಡಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಬೂಸ್ಟರ್ ಅಥವಾ ಅದರ ಪೈಪು ನೋಡಿಸಿ. ಸ್ಟಾರ್ಟಿನಲ್ಲೇ ಒಂದು ನಿಮಿಷ ಒತ್ತಿ ಹಿಡಿದಾಗ ಮೆಲ್ಲ ಮೆಲ್ಲ ತಳಕ್ಕೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ರಬ್ಬರ್ ಹೋಗಿದೆ ಅಥವಾ ಎಲ್ಲೋ ಲೀಕ್ ಉಂಟು.

ರೂಟ್ ವಿಷಯ: ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಗೆ ಈ ಗಾಡಿ ಕೊಂಡುಹೋಗಬೇಡಿ. 36 ಹೇರ್‌ಪಿನ್, ತುಂಬಾ ಕಡಿದು. ಅಲ್ಲಿ ಇಳಿಯಲಿಕ್ಕೆ ಹೊರಗಿನ ಗಾಡಿ ಬಿಡುವುದೂ ಇಲ್ಲ, ಬ್ರೇಕ್ ಹೋಗಿ ಆದ ಅಪಘಾತ ಒಂದೆರಡಲ್ಲ. ಗೂಡಲೂರು ದಾರಿ ಹಾಕಿಕೊಂಡದ್ದು ಸರಿಯಾಗಿದೆ. ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದು ಲೆಕ್ಕದಲ್ಲಿರಲಿ.

---

ನೀರ್ಚಾಲು ಮಾಷ್ಟ್ರು:

ಫಿಸಿಕ್ಸ್ ಪಾಠ ಮಾಡಿದವನಿಗೆ ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ, ಒಂದು ಲೆಕ್ಕ ಹಾಕಿದೆ.

ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್. ಮೇಟ್ಟುಪಾಳ್ಯ 300 ಚಿಲ್ಲರೆ. ಅಂದರೆ ನೀವು 1,900 ಮೀಟರ್ ಕೆಳಗಿಳಿಯುತ್ತೀರಿ. ಗಾಡಿ 4 ಟನ್ ಅಂತ ಇಟ್ಟುಕೊಳ್ಳೋಣ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 74 ಮೆಗಾಜೂಲ್. ಮಕ್ಕಳಿಗೆ ಹೇಳುವ ಹಾಗೆ ಹೇಳಿದರೆ, 30 ಡಿಗ್ರಿಯ 250 ಲೀಟರ್ ನೀರನ್ನು ಕುದಿ ಬರಿಸುವಷ್ಟು ಬಿಸಿ. ಬಚ್ಚಲಿನ ಹಂಡೆ 60 ಲೀಟರಿನದ್ದಾದರೆ ನಾಲ್ಕು ಹಂಡೆಗೂ ಜಾಸ್ತಿ ಆಯಿತು. ಇದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಟಯರಿಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ತಿನ್ನಬೇಕು, ಇಲ್ಲವಾದರೆ ನಾಲ್ಕು ಚಕ್ರದ ಬ್ರೇಕ್ ತಿನ್ನಬೇಕು. ಸ್ಟೇರಿಂಗ್ ಅಣ್ಣ ಗೇರಿನ ವಿಷಯ ಅಷ್ಟು ಒತ್ತಿ ಹೇಳಿದ್ದು ಯಾಕೆ ಅಂತ ಇಲ್ಲಿ ಕಾಣುತ್ತದೆ.

ಎರಡನೆಯದು ಬ್ರೇಕ್ ಆಯಿಲ್. ಎಣ್ಣೆ ಅಂತ ಕರೆದರೂ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯದ್ದು. ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯದ್ದು ಹೊಸದಿರುವಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ನೀರು ಸೇರಿದಾಗ 155. ಆಷಾಢದಲ್ಲಿ ನಮ್ಮ ಮನೆಯ ಹಪ್ಪಳ ಡಬ್ಬದಲ್ಲೇ ಮೆತ್ತಗಾಗುತ್ತದೆ. ಮೂರು ಮಳೆಗಾಲ ಕಂಡ ಬ್ರೇಕ್ ಆಯಿಲ್ ಹೇಗಿರಬಹುದು ಅಂತ ನೀವೇ ಯೋಚಿಸಿ. ಮೇಲಿಂದ ಟಾಪ್ ಅಪ್ ಮಾಡಿದರೆ ಕೆಳಗೆ ಚಕ್ರದ ಹತ್ತಿರ ಇರುವ ಹಳೆಯದು ಅಲ್ಲೇ ಇರುತ್ತದೆ, ಬಿಸಿ ಜಾಸ್ತಿ ತಾಗುವುದೂ ಅಲ್ಲೇ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದೇ ಕ್ರಮ.

---

ಉಪ್ಪಳ ಸ್ಪ್ಯಾನರ್:

ಮಾಷ್ಟ್ರೇ, ಹಪ್ಪಳದ ಉದಾಹರಣೆ ನಾನು ಇನ್ನು ಗ್ಯಾರೇಜಿನಲ್ಲಿ ಉಪಯೋಗಿಸುತ್ತೇನೆ.

ಬಿಡಾರದವರೇ, ಆಯಿಲ್ ಯಾವುದು ಅಂತ ಡಬ್ಬದ ಮುಚ್ಚಳದ ಮೇಲೇ ಬರೆದಿರುತ್ತದೆ. ಸೀಲ್ ಒಡೆಯದ ಹೊಸ ಬಾಟಲಿ ನಿಮ್ಮ ಕಣ್ಣೆದುರು ಒಡೆಯಲಿ. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರುತ್ತಾ ಏರ್ ತೆಗೆಯುವುದು ವಾಡಿಕೆ, ಹೊಸ ಆಯಿಲಿನ ಬಣ್ಣ ಬರುವವರೆಗೆ ಬಿಡಬೇಕು. ಡಾಟ್ 5 ಅಂತ ಸಿಲಿಕಾನ್‌ನದ್ದು ಉಂಟು, ನಂಬರ್ ಜಾಸ್ತಿ ಅಂತ ಅದನ್ನು ಇದಕ್ಕೆ ಸೇರಿಸಬಾರದು.

ಇನ್ನೊಂದು, ಗಾಡಿ ತೂಕ ಹಾಕಿಸಿದ್ದೀರಾ? ಮಂಚ, ಬ್ಯಾಟರಿ, ಗ್ಯಾಸ್, 120 ಲೀಟರ್ ನೀರು ಅಂದರೆ ಅದೇ 120 ಕೆಜಿ. ಟೂರಿಗೆ ಹೋಗುವ ಹಾಗೆ ಪೂರ್ತಿ ತುಂಬಿಸಿ, ಮನೆಯವರನ್ನೂ ಕೂರಿಸಿ ವೇ ಬ್ರಿಡ್ಜ್ ಮೇಲೆ ಹತ್ತಿಸಿ, ಆರ್‌ಸಿಯಲ್ಲಿರುವ ಮಿತಿ ನೋಡಿ. ಭಾರ ಹಿಂದೆ ಜಾಸ್ತಿ ಆಗಿದೆ ಅಂತ ಸ್ಪ್ರಿಂಗ್ ಪಟ್ಟೆ ಸೇರಿಸಿದ್ದಾರಾ ಅದನ್ನೂ ಕೇಳಿ. ಹಿಂದಿನ ಆ್ಯಕ್ಸಲ್ ಹತ್ತಿರ ಲೋಡ್ ನೋಡಿ ಬ್ರೇಕ್ ಹಂಚುವ ವಾಲ್ವ್ ಇದ್ದರೆ, ಪಟ್ಟೆ ಗಟ್ಟಿ ಆಗಿ ಬಾಡಿ ಎತ್ತರ ನಿಂತಾಗ ಅದು ಗಾಡಿ ಖಾಲಿ ಉಂಟು ಅಂತ ತಿಳಿದುಕೊಳ್ಳುತ್ತದೆ. ಹಿಂದಿನ ಚಕ್ರಕ್ಕೆ ಬ್ರೇಕ್ ಕಡಿಮೆ ಕೊಡುತ್ತದೆ, ಮುಂದಿನದು ಸುಡುತ್ತದೆ.

---

ಬದಿಯಡ್ಕ ಬಿಡಾರ (ಹತ್ತು ದಿನ ಬಿಟ್ಟು):

ಎಲ್ಲರಿಗೂ ಥ್ಯಾಂಕ್ಸ್. ಮಾಡಿಸಿದ್ದು ಆಯಿತು, ಏನು ಸಿಕ್ಕಿತು ಅಂತ ಹೇಳುತ್ತೇನೆ.

ಮೊದಲು ಅಂಗಳದಲ್ಲಿ ಚಕ್ರ ತಿರುಗಿಸಿ ನೋಡಿದೆ. ಎಡಗಡೆಯದು ಸಲೀಸು, ಬಲಗಡೆಯದು ಎರಡು ಕೈ ಹಾಕಿ ತಿರುಗಿಸಬೇಕಾಯಿತು. ಬೇರೆ ಗ್ಯಾರೇಜಿಗೆ ಕೊಂಡುಹೋಗಿ, ನಾಲ್ಕೂ ಬಿಚ್ಚುವುದಾದರೆ ಮಾತ್ರ ಕೆಲಸ ಕೊಡುತ್ತೇನೆ ಅಂತ ಮೊದಲೇ ಹೇಳಿದೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಅವರಿಗೆ ಸ್ವಲ್ಪ ಕಿರಿಕಿರಿ ಆಯಿತು, ಆಗಲಿ.

ಬಲಗಡೆ ಕ್ಯಾಲಿಪರಿನ ಒಂದು ಪಿನ್ ತುಕ್ಕು ಹಿಡಿದು ಸುತ್ತಿಗೆಯಲ್ಲಿ ಹೊಡೆದೇ ತೆಗೆಯಬೇಕಾಯಿತು. ಒಳಗಿನ ಪ್ಯಾಡ್ 2 ಮಿಲಿಮೀಟರ್, ಹೊರಗಿನದ್ದು 7. ಹೊರಗಿನಿಂದ ಇಣುಕಿ ನೋಡುವವನಿಗೆ ಆ ಏಳೇ ಕಾಣುವುದು ಅಲ್ವಾ. ಆದರೆ ನನಗೆ ನಿಜವಾಗಿ ಕೈಕಾಲು ತಣ್ಣಗಾದದ್ದು ಹಿಂದಿನ ಎಡ ಡ್ರಮ್ ತೆಗೆದಾಗ. ವೀಲ್ ಸಿಲಿಂಡರ್ ಬೂಟ್ ಒಳಗೆ ಪೂರ್ತಿ ಒದ್ದೆ, ಲೈನರಿನ ಅರ್ಧ ಭಾಗ ಕಪ್ಪಾಗಿ ಜಿಡ್ಡು. ಅಂದರೆ ರಾಣಿಪುರಂ ಇಳಿಯುವಾಗ ಒಂದು ಚಕ್ರ ಸುಮ್ಮನೆ ಉರುಳುತ್ತಿತ್ತು, ಇನ್ನೊಂದು ಬಿಡದೆ ಉಜ್ಜುತ್ತಿತ್ತು. ಆ ಆಯಿಲೋ, ನಮ್ಮ ಹೋಟೆಲಿನ ಕಾಫಿ ಡಿಕಾಕ್ಷನ್‌ಗೂ ಅಷ್ಟು ಬಣ್ಣ ಇಲ್ಲ.

ಹಿಂದೆ ಎರಡೂ ಬದಿ ಸಿಲಿಂಡರ್, ಲೈನರ್ ಹೊಸದು. ಮುಂದೆ ಪ್ಯಾಡ್, ಪಿನ್ ಕಿಟ್. ರಬ್ಬರ್ ಹೋಸ್ ಎಲ್ಲ ಹೊಸದು. ಡ್ರಮ್ ಎರಡನ್ನೂ ಲೇತ್‌ಗೆ ಕೊಟ್ಟೆ, ಮಿತಿಯೊಳಗೇ ಉಂಟು. ತೂಕವೂ ಹಾಕಿಸಿದೆ. ಮಿತಿಗಿಂತ 180 ಕೆಜಿ ಜಾಸ್ತಿ ಬಂತು! ಜನರೇಟರ್ ಮನೆಯಲ್ಲಿ ಬಿಡುವುದು, ನೀರು 40 ಲೀಟರ್ ಮಾತ್ರ ತುಂಬಿಸಿ ಊರೂರಲ್ಲಿ ಹಿಡಿಯುವುದು ಅಂತ ತೀರ್ಮಾನ. ಎರಡೂ ಸೇರಿ 140 ಇಳಿಯಿತು, ಇನ್ನೂ 40 ಬಾಕಿ. ಹೆಂಡತಿ ಗ್ರೈಂಡರ್ ಬಿಡಲಿಕ್ಕೆ ಇನ್ನೂ ಒಪ್ಪಿಲ್ಲ. ಆ ಕಲ್ಲು ಇಳಿಯದೆ ಲೆಕ್ಕ ಸರಿ ಬರುವುದಿಲ್ಲ.

ಗೇರಿನ ವಿಷಯ ಸ್ಟೇರಿಂಗ್ ಅಣ್ಣ ಹೇಳಿದ್ದು ತಪ್ಪಲ್ಲ. ನಾಲ್ಕು ಅಲ್ಲ, ಮೂರನೇ ಗೇರು. ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು.

ಇನ್ನು ಎರಡು ವಾರ ಉಂಟು. ಈಗಲೇ ಒಮ್ಮೆ ಘಾಟಿ ಇಳಿಸಿ ನೋಡಬಹುದಾ?

---

ಕುಂಬಳೆ ಸ್ಟೇರಿಂಗ್:

ಈ ವಾರ ಬೇಡ. ಹೊಸ ಲೈನರ್ ಡ್ರಮ್ಮಿಗೆ ಕೂರಬೇಕು, ಅದಕ್ಕೆ 300 ಕಿಲೋಮೀಟರ್ ಆದರೂ ಊರೊಳಗೆ ಮೆತ್ತಗೆ ಓಡಿಸಿ. ಆಮೇಲೆ ಸಂಪಾಜೆ ಘಾಟಿ ನಿಮಗೆ ಸರಿಯಾದ ಪರೀಕ್ಷೆ. ಮಡಿಕೇರಿಗೆ ಹತ್ತಿ, ಟೂರಿನಷ್ಟೇ ಭಾರ ಇಟ್ಟುಕೊಂಡು ಸಂಪಾಜೆಗೆ ಇಳಿಯಿರಿ. ಕೆಳಗೆ ಬದಿಯಲ್ಲಿ ನಿಲ್ಲಿಸಿ ನಾಲ್ಕು ಚಕ್ರದ ಬಿಸಿ ನೋಡಿ. ಪಿಸ್ತೂಲಿನ ಹಾಗೆ ಹಿಡಿದು ನೋಡುವ ಥರ್ಮೋಮೀಟರ್ ಸಿಗುತ್ತದೆ, ಅದು ಇದ್ದರೆ ಒಳ್ಳೆಯದು. ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಎಡ ಬಲ ಒಂದೇ ತರ ಉಂಟಾ ಅಂತ ನೋಡಿ. ಬಿಸಿ ಇರುವಾಗ ಹ್ಯಾಂಡ್ ಬ್ರೇಕ್ ಎಳೆದು ಹೋಗಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ಇನ್ನು ಮಳೆಗಾಲದಲ್ಲಿ ಶೆಡ್ಡಿನಲ್ಲಿ ಇಡುವಾಗಲೂ ಹಾಗೇ.

ಊಟಿಗೂ ಕೊಡೈಕಾನಲ್‌ಗೂ ಇ-ಪಾಸ್ ಬೇಕು, 2024ರ ಮೇಯಿಂದ ಶುರುವಾದದ್ದು. ಹೊರಡುವ ಮುಂಚೆಯೇ ಮೊಬೈಲಿನಲ್ಲಿ ಮಾಡಿಕೊಳ್ಳಿ. ಮೇಟ್ಟುಪಾಳ್ಯಕ್ಕೆ ಇಳಿಯುವಾಗ ಕೋತಗಿರಿ ದಾರಿ ನನಗೆ ಇಷ್ಟ, ಕೂನೂರಿನಷ್ಟು ಗಲಾಟೆ ಇಲ್ಲ.

---

ಸುಮ್ನೆ ಓಡ್ಸಿ:

ಬಿಡಾರದವರು ಹಾಕಿದ ಸಿಲಿಂಡರ್ ಫೋಟೋ ನೋಡಿದೆ. ನಾನೂ ನಾಳೆ ಡ್ರಮ್ ಬಿಚ್ಚಿಸುತ್ತೇನೆ. ಯಾರೂ ನಗಬೇಡಿ.

---

ಉಪ್ಪಳ ಸ್ಪ್ಯಾನರ್:

ನಗುವುದಿಲ್ಲ, ಬನ್ನಿ.

ಬಿಡಾರದವರೇ, ನಾಲ್ಕು ಚಕ್ರವೂ ಬಿಚ್ಚಿ ಹಾಕಿದ್ದು ತಾನೇ. ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ ಎಲ್ಲ ಇನ್ನೊಮ್ಮೆ ಬಿಗಿ ನೋಡಿಸಿ. ಹೊಸ ಹೋಸ್ ಜಾಯಿಂಟಿನಲ್ಲಿ ಪಸೆ ಉಂಟಾ ಅಂತ ಬೆರಳು ಹಾಕಿ ನೋಡಿ. ಗ್ರೈಂಡರ್ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ.